ಬೋವಿಂಗ್ಟನ್‌ನಲ್ಲಿ ಆಟೋಗಿಂತ ಗಿಡ್ಡ ಟ್ಯಾಂಕ್

ಊರಿಂದ ಬಂದಿದ್ದ ಭಾವನಿಗೆ ಲಂಡನ್ ತೋರಿಸಿದ್ದಾಯಿತು. ಅರಮನೆಗೂ ಸೇತುವೆಗೂ "ಹೂಂ, ಚೆನ್ನಾಗಿದೆ" ಅನ್ನುವ ಒಂದೇ ಮಾತು. ತಿಪಟೂರಿನಲ್ಲಿ 30 ವರ್ಷ ಗ್ಯಾರೇಜ್ ನಡೆಸಿದವರು. ಬೋವಿಂಗ್ಟನ್‌ನಲ್ಲಿ ಟ್ಯಾಂಕ್ ಮ್ಯೂಸಿಯಂ ಇದೆ, ಬರ್ತೀರಾ ಅಂದೆ. ಮರುದಿನ ಆರಕ್ಕೇ ಮಫ್ಲರ್ ಸುತ್ತಿಕೊಂಡು ಸೋಫಾದಲ್ಲಿ ಕೂತಿದ್ದರು.

ಸೌತಾಂಪ್ಟನ್‌ನಿಂದ ವೂಲ್ ಸ್ಟೇಷನ್‌ಗೆ ರೈಲಿನಲ್ಲಿ ಗಂಟೆ ಚಿಲ್ಲರೆ. ಬಸ್ಸಿನ ಟೈಮ್ ನಾನೇ ತಪ್ಪಾಗಿ ನೋಡಿಕೊಂಡಿದ್ದೆ. ಜಿಟಿಜಿಟಿ ಮಳೆಯಲ್ಲಿ ಎರಡು ಮೈಲಿ ನಡೆಯಬೇಕಾಯಿತು. ಭಾವ ಬೈಯಲಿಲ್ಲ. ರಸ್ತೆ ಬದಿಯಲ್ಲಿ "ಟ್ಯಾಂಕ್ ದಾಟುವ ಜಾಗ" ಅನ್ನುವ ಬೋರ್ಡ್ ಕಂಡು ಖುಷಿಯಾಗಿಬಿಟ್ಟರು. "ನಮ್ಮಲ್ಲಿ ಎಮ್ಮೆ ದಾಟೋ ಹಾಗೆ!"

ಒಳಗೆ ಜನರೆಲ್ಲ 1943ರಲ್ಲಿ ಟುನೀಶಿಯಾದಲ್ಲಿ ಸೆರೆಸಿಕ್ಕ ಜರ್ಮನ್ ಟೈಗರ್ ಟ್ಯಾಂಕಿನ ಸುತ್ತ. ನಾವೂ ನೋಡಿದೆವು. ಆದರೆ ಭಾವ ನಿಂತುಬಿಟ್ಟಿದ್ದು ಕಾರ್ಡನ್-ಲಾಯ್ಡ್ ಮಾರ್ಕ್ 6 ಎಂಬ ಪುಟ್ಟ ಗಾಡಿಯ ಮುಂದೆ. ನಮ್ಮ ಆಟೋಗಿಂತ ಗಿಡ್ಡ. ಎತ್ತರ ನಾಲ್ಕೇ ಅಡಿ, ತೂಕ ಒಂದೂವರೆ ಟನ್. ರಿವೆಟ್ ಹೊಡೆದ ಕಬ್ಬಿಣದ ಡಬ್ಬ, ಎರಡೂ ಪಕ್ಕ ಚೈನು. ತಗಡಿನ ದಪ್ಪ ಹೆಚ್ಚೆಂದರೆ 9 ಮಿಲಿಮೀಟರ್. ಅದರೊಳಗೆ ಇಬ್ಬರು, ನಡುವೆ ಇಂಜಿನ್.

"ಇಂಜಿನ್ ಯಾವುದಂತೆ?"

"ಫೋರ್ಡ್ ಟಿ ಮಾಡೆಲ್. ಕಾರಿಂದೇ ಭಾವ."

"ಅಯ್ಯೋ, ಹಾಗಾದ್ರೆ ಒಳಗೆ ಕೂತವರ ತೊಡೆ ಬೆಂದುಹೋಗಿರುತ್ತೆ ಬಿಡು."

ಇದರ ಹಿಂದಿನ ಕಥೆಯೂ ಗ್ಯಾರೇಜಿನದೇ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಸೈನ್ಯಕ್ಕೆ ದುಡ್ಡಿಲ್ಲ. ಮಾರ್ಟೆಲ್ ಎಂಬ ಅಧಿಕಾರಿ 1925ರಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲೇ ಹಳೇ ಕಾರಿನ ಇಂಜಿನ್, ಲಾರಿಯ ಆಕ್ಸಲ್ ಜೋಡಿಸಿ ಒಬ್ಬನೇ ಕೂರುವ ಟ್ಯಾಂಕ್ ಕಟ್ಟಿದ. ಆದರೆ ಒಬ್ಬನೇ ಓಡಿಸಿ, ಒಬ್ಬನೇ ಗುಂಡು ಹಾರಿಸುವುದು ಆಗುವ ಕೆಲಸವಲ್ಲ ಅಲ್ವಾ? ಹಾಗಾಗಿ ಇಬ್ಬರಾದರು. ಅದೇ ಸುಮಾರಿಗೆ ಜಾನ್ ಕಾರ್ಡನ್ ಮತ್ತು ವಿವಿಯನ್ ಲಾಯ್ಡ್ ಜೋಡಿ ಒಂದರ ಮೇಲೊಂದು ಮಾದರಿ ಮಾಡುತ್ತಾ ಹೋಯಿತು. 1928ರಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಎಂಬ ದೊಡ್ಡ ಶಸ್ತ್ರಾಸ್ತ್ರ ಕಂಪನಿ ಈ ಜೋಡಿಯ ಕಂಪನಿಯನ್ನೇ ಕೊಂಡುಕೊಂಡಿತು.

ಮಾರ್ಕ್ 6 ಅಗ್ಗ, ಅದೇ ಅದರ ದೊಡ್ಡ ಗುಣ. ರಷ್ಯಾ, ಪೋಲೆಂಡ್, ಇಟಲಿ ಎಲ್ಲರೂ ಇದನ್ನು ನೋಡಿ ತಮ್ಮದೊಂದು ಮಾಡಿಕೊಂಡರು. ರಷ್ಯಾದ ಟಿ-27 ಎರಡು ಸಾವಿರದ ಮೇಲಾಯಿತು. ನನಗಂತೂ ಇದರೊಳಗೆ ಕೂತು ಯುದ್ಧಕ್ಕೆ ಹೋಗು ಅಂದರೆ ನಡೆದೇ ಹೋಗ್ತೀನಿ.

1929ರ ಮಾರ್ಕ್ 7 ಪ್ರಯೋಗದ ಗಾಡಿ. ಅದಕ್ಕೆ ಬಂದೂಕು ಕೂರಿಸಿದ ತಿರುಗುವ ಗೋಪುರ ಬಂತು, ಅದರಿಂದಲೇ ಬ್ರಿಟನ್ನಿನ ಲಘು ಟ್ಯಾಂಕ್‌ಗಳ ಸಾಲು ಶುರುವಾಯಿತು. 1931ರಲ್ಲಿ ಆ ಲಘು ಟ್ಯಾಂಕ್‌ಗಳಲ್ಲಿ ಕೆಲವನ್ನು ಪರೀಕ್ಷೆಗೆ ಭಾರತಕ್ಕೂ ಕಳಿಸಿದರು. ನಮ್ಮ ಸೆಕೆಗೆ ಇಂಜಿನ್ ತಣ್ಣಗಿಡುವುದೇ ದೊಡ್ಡ ತಲೆನೋವಾಯಿತಂತೆ. ಇದನ್ನು ಹೇಳಿದಾಗ ಭಾವ ಜೋರಾಗಿ ನಕ್ಕರು. ಪಕ್ಕದಲ್ಲಿದ್ದ ಅಜ್ಜಿ ತಿರುಗಿ ನೋಡಿದರು.

ಕ್ಯಾಂಟೀನಿನಲ್ಲಿ ಸಪ್ಪೆ ಟೀ ಕುಡಿಯುತ್ತಾ ಕಾರ್ಡನ್ ಕೊನೆಗೆ ಏನಾದ ಅಂತ ಕೇಳಿದರು. ಪುಟ್ಟ ವಿಮಾನಗಳ ಹುಚ್ಚು ಹಿಡಿಯಿತು ಅಂದೆ. ಅದಕ್ಕೂ ಫೋರ್ಡ್ ಕಾರಿನ ಇಂಜಿನ್ನೇ ಅಳವಡಿಸಿದ. ಸತ್ತಿದ್ದು ಮಾತ್ರ ಬೇರೆ ವಿಮಾನದಲ್ಲಿ. 1935ರ ಡಿಸೆಂಬರಿನಲ್ಲಿ, ಅವನು ಪ್ರಯಾಣಿಕನಾಗಿ ಕೂತಿದ್ದ ವಿಮಾನ ಬಿತ್ತು.

ಭಾವ ಕಪ್ ಕೆಳಗಿಟ್ಟರು. "ಇನ್ನೊಂದ್ಸಲ ಆ ಚಿಕ್ಕ ಗಾಡಿ ನೋಡ್ಕೊಂಡು ಬರ್ತೀನಿ" ಅಂತ ಎದ್ದರು. ವಾಪಸ್ ಬಸ್ಸೂ ತಪ್ಪಿಹೋಯಿತು.