27 ಸಂಪುಟ, ಅದರ ಹಿಂದೆ ಒಂದು ಕೊಟ್ಟಿಗೆ

ಫುಲ್‌ಮೆಟಲ್ ಆಲ್ಕೆಮಿಸ್ಟ್ ಅನ್ನೋ ಮಂಗಾ (ಜಪಾನಿ ಕಾಮಿಕ್ಸ್) ಮೂರನೇ ಸಲ ಓದಿ ಮುಗಿಸ್ದೆ, ಈ ಸಲ ಕಥೆಗಿಂತ ಜಾಸ್ತಿ ಬರೆದೋರ ಬಗ್ಗೆನೇ ಯೋಚ್ನೆ ಬರ್ತಿತ್ತು. 2001ರಿಂದ 2010ರ ತನಕ ಶೋನೆನ್ ಗಾಂಗನ್ ಅನ್ನೋ ಮಾಸಪತ್ರಿಕೇಲಿ ಬಂದ ಕಥೆ, 108 ಅಧ್ಯಾಯ, ಒಟ್ಟು 27 ಸಂಪುಟ ಅಷ್ಟೇ. ಇದಕ್ಕಿಂತ ಎಷ್ಟೋ ಉದ್ದ ಇರೋ ಸರಣಿಗಳಿವೆ, ಆದ್ರೆ ಇದ್ರಲ್ಲಿ ಒಂದು ಪಾತ್ರನೂ ದಂಡ ಅನ್ಸಲ್ಲ. ಯೋಕಿ ಅಂತ ಲಂಚಕೋರ ಅಧಿಕಾರಿ ಒಬ್ಬ ಮೊದಲ್ನೇ ಸಂಪುಟದಲ್ಲಿ ಬಂದು ಹೋಗ್ತಾನೆ, ಇನ್ನು ಇವನ ಕಥೆ ಮುಗೀತು ಅಂದ್ಕೊಂಡ್ರೆ ಕೊನೇ ಹೋರಾಟದಲ್ಲಿ ಕಾರ್ ಓಡಿಸ್ಕೊಂಡು ನುಗ್ತಾನೆ!

ಬರೆದಿದ್ದು ಹಿರೋಮು ಅರಾಕಾವಾ. ಗಂಡಸರ ಥರ ಕೇಳ್ಸೋ ಹೆಸರು, ಆದ್ರೆ ಹೆಂಗಸು. ಹುಟ್ಟಿದ್ದು 1973ರಲ್ಲಿ, ಜಪಾನಿನ ಉತ್ತರದ ದ್ವೀಪ ಹೊಕ್ಕೈದೋದಲ್ಲಿ ಹಸು ಸಾಕೋರ ಮನೇಲಿ. ಓದು ಮುಗಿದ್ಮೇಲೆ ಏಳು ವರ್ಷ ಅಲ್ಲೇ ದುಡಿದು ಆಮೇಲೆ ಟೋಕಿಯೋಗೆ ಹೋಗಿದ್ದು. ಈಗ್ಲೂ ತಮ್ಮ ಚಿತ್ರ ಬರೀಬೇಕು ಅಂದ್ರೆ ಕನ್ನಡಕ ಹಾಕಿರೋ ಹಸು ಬರೀತಾರೆ, ಅದು ನಂಗೆ ತುಂಬಾ ಇಷ್ಟ.

ಏನಾದ್ರೂ ಬೇಕಂದ್ರೆ ಅಷ್ಟೇ ಬೆಲೆದು ಏನಾದ್ರೂ ಕೊಡ್ಬೇಕು ಅನ್ನೋದು ಈ ಕಥೆಯ ನಿಯಮ ಅಲ್ವಾ, ಅದು ಕೊಟ್ಟಿಗೆ ಕೆಲಸ ಮಾಡಿದೋರ ತಲೆಯಿಂದ ಬಂದಿದ್ದು ಅಂತ ನಂಗೆ ಈಗ ಬಲವಾಗಿ ಅನ್ಸ್ತಿದೆ. ಗುರು ಇಝುಮಿ, ಕಥೆಯ ನಾಯಕರಾದ ಅಣ್ಣ-ತಮ್ಮ ಎಡ್, ಅಲ್ ಇಬ್ರು ಚಿಕ್ಕ ಹುಡುಗ್ರನ್ನ ಒಂದು ಚಾಕು ಕೊಟ್ಟು ಒಂದು ತಿಂಗಳು ದ್ವೀಪದಲ್ಲಿ ಬಿಟ್ಟು ಹೋಗ್ತಾಳಲ್ಲ, ಅವ್ರು ಮೊಲ ಹಿಡೀತಾರೆ, ಹಸಿವಾಗಿದ್ರೂ ಕೊಲ್ಲೋಕೆ ಕೈ ಬರಲ್ಲ, ಅಷ್ಟ್ರಲ್ಲಿ ನರಿ ಬಂದು ಕಿತ್ಕೊಂಡು ಹೋಗಿ ತನ್ನ ಮರಿಗಳಿಗೆ ಹಾಕುತ್ತೆ. ಅಲ್ಲಿ ನರಿ ಕೆಟ್ಟದ್ದಲ್ಲ, ಯಾರೂ ಕೆಟ್ಟೋರಲ್ಲ, ತಿನ್ನೋದಕ್ಕೆ ಇನ್ನೊಂದು ಜೀವ ಹೋಗ್ಲೇಬೇಕು ಅಷ್ಟೇ. ಸಾಕಿದ ಪ್ರಾಣಿ ಹುಟ್ಟೋದನ್ನೂ ಸಾಯೋದನ್ನೂ ಹತ್ರದಿಂದ ನೋಡಿದೋರು ಮಾತ್ರ ಇದನ್ನ ಇಷ್ಟು ಸಲೀಸಾಗಿ ಬರೆಯೋಕೆ ಸಾಧ್ಯ.

ಕಥೆಯಲ್ಲಿ ಬರೋ ಇಶ್ವಾಲ್ ಅನ್ನೋ ಜನರ ನರಮೇಧದ ಭಾಗನೂ ಹಂಗೇ. ಹೊಕ್ಕೈದೋದ ಮೂಲನಿವಾಸಿಗಳಾದ ಐನು ಜನರ ನೆಲ ಹೋಗಿದ್ದರ ನೆನಪು ಅದ್ರ ಹಿಂದಿದೆ. ಆ ಪುಟಗಳನ್ನ ಮಾತ್ರ ಪ್ರತಿ ಸಲ ನಿಧಾನಕ್ಕೆ ಓದ್ತೀನಿ.

ಈ ಕಥೆಯ 2003ರ ಅನಿಮೆ (ಜಪಾನಿ ಕಾರ್ಟೂನ್ ಸರಣಿ) ಬಂದಾಗ ಮಂಗಾ ಇನ್ನೂ ನಡೀತಿತ್ತು, ಅದಕ್ಕೆ ಅದು ಬೇರೆ ದಾರಿ ಹಿಡೀತು. 2009ರದ್ದು ಮಂಗಾ ಕಥೆಯನ್ನೇ ಹಿಡ್ಕೊಂಡು ಹೋಗುತ್ತೆ. ಎರಡೂ ಚೆನ್ನಾಗಿವೆ, ಆದ್ರೆ ಪುಸ್ತಕದಲ್ಲಿ ಇರೋ ಒಂದು ವಿಷ್ಯ ಅಲ್ಲಿ ಸಿಗಲ್ಲ. ಯಾವ ಸಂಪುಟದಲ್ಲಿ ಯಾರು ಸಾಯ್ತಾರೋ ಅವ್ರು ಸ್ವರ್ಗಕ್ಕೆ ಹಾರಿ ಹೋಗೋ ಪುಟ್ಟ ಚಿತ್ರವನ್ನ ಅರಾಕಾವಾ ಆ ಸಂಪುಟದ ಕೊನೇಲಿ ಬರೆದಿರ್ತಾರೆ. ಹ್ಯೂಸ್ ಅನ್ನೋ ಸೇನಾಧಿಕಾರಿ ಸತ್ತಾಗ ಮೂರನೇ ಸಲನೂ ಅತ್ತೆ, ಆಮೇಲೆ ಆ ಪುಟ ತೆಗೆದು ತುಂಬಾ ಹೊತ್ತು ನೋಡ್ತಾ ಕೂತಿದ್ದೆ.