ಒಬ್ಬರೇ ನಾವಿಕರು, ಎರಡು ಹಾಯಿದೋಣಿಗಳು: 56 ಅಡಿಯ ಮ್ಹಾದೇಯಿ, 36 ಅಡಿಯ ಬಯಾನತ್

ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಗೋವೆಗೆ ಇಳಿಯುವ ಮಹದಾಯಿಯ ಹೆಸರನ್ನು ಹೊತ್ತ ಹಾಯಿದೋಣಿಯೊಂದು ಭೂಮಿಯನ್ನೇ ಸುತ್ತಿ ಬಂದಿದೆ ಎಂದರೆ ಬೆಳಗಾವಿಯಲ್ಲಿ ಅನೇಕರು ಅಚ್ಚರಿಪಡುತ್ತಾರೆ. ಆ ನದಿ ಮಾಂಡೋವಿಯಾಗಿ ಹರಿಯುವ ಗೋವೆಯ ದಿವಾರ್ ದ್ವೀಪದ ದೋಣಿ ಕಟ್ಟುವ ಕಟ್ಟೆಯಲ್ಲಿ ತಯಾರಾದ ಐಎನ್‌ಎಸ್‌ವಿ ಮ್ಹಾದೇಯಿ 2009ರಲ್ಲಿ ನೌಕಾಪಡೆಯನ್ನು ಸೇರಿತು. ಅದರಲ್ಲಿ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟಾಮಿ ಅವರು 2012ರ ನವೆಂಬರ್ 1ರಂದು ಮುಂಬೈಯಿಂದ ಹೊರಟು, ಎಲ್ಲಿಯೂ ನಿಲ್ಲದೆ, ಒಬ್ಬರೇ ಭೂಪ್ರದಕ್ಷಿಣೆ ಮಾಡಿ 2013ರ ಮಾರ್ಚ್ 31ರಂದು ಮುಂಬೈಗೆ ಮರಳಿದರು. ಹತ್ತು ವರ್ಷಗಳ ನಂತರ ಅವರೇ, ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಬೇಕಾದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಬಯಾನತ್ ಎಂಬ ದೋಣಿಯಲ್ಲಿ ಮತ್ತೊಮ್ಮೆ ಭೂಮಿಯನ್ನು ಸುತ್ತಿ ಎರಡನೆಯ ಸ್ಥಾನ ಪಡೆದರು. ಯಾನಕ್ಕೆ ಎಷ್ಟು ದೊಡ್ಡ ದೋಣಿ ಬೇಕು, ಸ್ಪರ್ಧೆಗೆ ಎಷ್ಟು ಸಾಕು ಎಂಬ ಪ್ರಶ್ನೆಗೆ ಈ ಜೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ, ಏಕೆಂದರೆ ಇಲ್ಲಿ ಚುಕ್ಕಾಣಿ ಹಿಡಿದ ಕೈ ಒಂದೇ.

ಮೊದಲು ವೇಗ. ನೀರನ್ನು ಸೀಳಿಕೊಂಡು ಹೋಗುವ ಭಾರವಾದ ದೋಣಿಯ ವೇಗದ ಮಿತಿಯನ್ನು ಅದು ತಾನೇ ಎಬ್ಬಿಸುವ ಅಲೆ ನಿರ್ಧರಿಸುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಸರಿಸುಮಾರಾಗಿ ಗಂಟೆಗೆ ಎಷ್ಟು ನಾಟಿಕಲ್ ಮೈಲಿ (ಒಂದು ಮೈಲಿಗೆ 1.85 ಕಿ.ಮೀ.) ಎಂಬ ಲೆಕ್ಕದಲ್ಲಿ, ಅಂದರೆ ನಾಟ್‌ಗಳಲ್ಲಿ ಸಿಗುತ್ತದೆ. ಬಯಾನತ್ ರಸ್ಲರ್ 36 ಮಾದರಿಯ ದೋಣಿ. ನೀರಿನ ಮಟ್ಟದಲ್ಲಿ ಅದರ ಉದ್ದ ಸುಮಾರು 27 ಅಡಿಯಾದ್ದರಿಂದ ಮಿತಿ 7 ನಾಟ್‌ನ ಹತ್ತಿರ ನಿಲ್ಲುತ್ತದೆ. ಆ ಉದ್ದ 49 ಅಡಿಯಿದ್ದರೆ ಮಿತಿ 9 ನಾಟ್‌ಗಿಂತ ಮೇಲೇರುತ್ತದೆ. ಫಲಿತಾಂಶದಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ. ಮ್ಹಾದೇಯಿ ಸುಮಾರು 23,000 ನಾಟಿಕಲ್ ಮೈಲಿಯನ್ನು 150 ದಿನಗಳಲ್ಲಿ ಕ್ರಮಿಸಿತು, ಅಂದರೆ ದಿನಕ್ಕೆ 150 ಮೈಲಿಗಿಂತ ತುಸು ಹೆಚ್ಚು. ಬಯಾನತ್ 30,000 ಮೈಲಿಯೆಂದು ಘೋಷಿಸಲಾದ ಸ್ಪರ್ಧೆಯನ್ನು 236 ದಿನಗಳಲ್ಲಿ ಮುಗಿಸಿತು, ಅಂದರೆ ದಿನಕ್ಕೆ 127 ಮೈಲಿಯ ಆಸುಪಾಸು. ಮಾರ್ಗ ಬೇರೆ, ಹವೆ ಬೇರೆ, ನಿಯಮ ಬೇರೆ ಎಂಬುದನ್ನು ಮರೆಯಬಾರದು, ಆದರೂ ಉದ್ದದ ಪ್ರಭಾವವನ್ನು ತಳ್ಳಿಹಾಕಲಾಗದು.

ವೇಗಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಭಾರದ ಲೆಕ್ಕ. ಮ್ಹಾದೇಯಿಯ ಉದ್ದ ಬಯಾನತ್‌ಗಿಂತ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಮಾತ್ರ. ಆದರೆ ತೂಕ ಸುಮಾರು 23 ಟನ್, ಬಯಾನತ್ ಮಾದರಿಯದು 7.6 ಟನ್, ಅಂದರೆ ಮೂರು ಪಟ್ಟು. ಒಂದೇ ಆಕಾರದ ದೋಣಿಯನ್ನು ಎರಡು ಪಟ್ಟು ಉದ್ದ ಮಾಡಿದರೆ ಹಾಯಿಯ ವಿಸ್ತಾರ ನಾಲ್ಕು ಪಟ್ಟು, ತೂಕ ಎಂಟು ಪಟ್ಟು ಆಗುತ್ತದೆ. ಗಾಳಿ ದೋಣಿಯನ್ನು ವಾಲಿಸುವ ಪ್ರಭಾವ ಎಂಟು ಪಟ್ಟು ಬೆಳೆದರೆ, ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಪ್ರಭಾವ ಹದಿನಾರು ಪಟ್ಟು ಬೆಳೆಯುತ್ತದೆ. ದೊಡ್ಡ ದೋಣಿ ಬಿರುಗಾಳಿಯಲ್ಲಿಯೂ ಗಟ್ಟಿಯಾಗಿ ನಿಲ್ಲುವುದಕ್ಕೆ ಇದೇ ಕಾರಣ. ಆದರೆ ಹಗ್ಗ ಎಳೆಯುವ ಮನುಷ್ಯನ ತೋಳು ಮಾತ್ರ ಬೆಳೆಯುವುದಿಲ್ಲ. ಗಾಳಿಯ ವೇಗ ಇಮ್ಮಡಿಯಾದಾಗ ಹಾಯಿಯ ಮೇಲಿನ ಒತ್ತಡ ನಾಲ್ಮಡಿಯಾಗುವುದರಿಂದ, 56 ಅಡಿಯ ದೋಣಿಯಲ್ಲಿ ನಡುರಾತ್ರಿ ಒಬ್ಬರೇ ಹಾಯಿ ಕುಗ್ಗಿಸಬೇಕಾದರೆ ರಾಟೆಗಳು, ಹಗ್ಗವನ್ನು ಸುತ್ತಿ ಬಿಗಿಯುವ ವಿಂಚ್‌ಗಳು, ಹಾಯಿಯನ್ನು ಸುತ್ತಿಡುವ ಸಲಕರಣೆಗಳು ಇವೆಲ್ಲವೂ ಕೈಕೊಡದೆ ಕೆಲಸ ಮಾಡಬೇಕು. ಅಂಥ ದೋಣಿಯನ್ನು ಐದು ತಿಂಗಳು ಒಬ್ಬರೇ ನಡೆಸಿದ್ದು ಎಷ್ಟು ದೊಡ್ಡ ಸಾಧನೆ ಎಂಬುದು ಈ ಲೆಕ್ಕ ಹಾಕಿದ ಮೇಲೆಯೇ ನನಗೆ ಸರಿಯಾಗಿ ಮನವರಿಕೆಯಾಯಿತು. ಬಯಾನತ್‌ನಲ್ಲಿ ಗಾಳಿಯ ಬಲದಿಂದಲೇ ಚುಕ್ಕಾಣಿಯನ್ನು ನಿಯಂತ್ರಿಸುವ ವಿಂಡ್‌ವೇನ್ ಪದೇ ಪದೇ ಕೆಟ್ಟಾಗ, ಟಾಮಿ ಅವರು ದೋಣಿಯಲ್ಲಿಯೇ ಇದ್ದ ಸಾಮಗ್ರಿಯಿಂದ ಭಾಗಗಳನ್ನು ತಯಾರಿಸಿಕೊಂಡು ಮುಂದುವರಿದರು. ಚಿಕ್ಕ ದೋಣಿಯಲ್ಲಿ ಬಲಗಳೂ ಚಿಕ್ಕವಾದ್ದರಿಂದ ಇಂಥ ದುರಸ್ತಿ ಕೈಗೆ ನಿಲುಕುತ್ತದೆ.

ಹಾಗೆಂದು ಚಿಕ್ಕದು ಸುರಕ್ಷಿತವೆಂದು ಹೇಳಲಾರೆ. ಒಡೆದು ಬೀಳುವ ಅಲೆ ದೋಣಿಯ ಮಗ್ಗುಲಿಗೆ ಬಡಿದಾಗ ಅದನ್ನು ಉರುಳಿಸಲು ಎಷ್ಟು ಎತ್ತರದ ಅಲೆ ಬೇಕೆಂಬುದು ದೋಣಿಯ ಗಾತ್ರವನ್ನು ಅವಲಂಬಿಸಿದೆ. 2018ರ ಸೆಪ್ಟೆಂಬರ್‌ನಲ್ಲಿ, ಗೋಲ್ಡನ್ ಗ್ಲೋಬ್ ಸ್ಪರ್ಧೆಯ ಹಿಂದಿನ ಆವೃತ್ತಿಯಲ್ಲಿ, ಗೋವೆಯ ಅದೇ ಕಟ್ಟೆಯಲ್ಲಿ 1968-69ರ ಮೊದಲ ಗೋಲ್ಡನ್ ಗ್ಲೋಬ್ ಗೆದ್ದ ಸುಹೈಲಿ ದೋಣಿಯ ಪ್ರತಿರೂಪವಾಗಿ ನಿರ್ಮಿಸಿದ 32 ಅಡಿಯ ತುರಿಯಾ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕು ಕೂವೆಮರಗಳನ್ನು ಕಳೆದುಕೊಂಡಿತು. ಬೆನ್ನುಮೂಳೆಗೆ ಪೆಟ್ಟಾಗಿ ಏಳಲಾರದೆ ಮಲಗಿದ್ದ ಟಾಮಿ ಅವರನ್ನು ಫ್ರಾನ್ಸಿನ ಓಸಿರಿಸ್ ಹಡಗು ರಕ್ಷಿಸಿತು. ಅದೇ ಬಿರುಗಾಳಿಯಲ್ಲಿ 36 ಅಡಿಯ ಇನ್ನೊಂದು ದೋಣಿಯೂ ಕೂವೆಮರಗಳನ್ನು ಕಳೆದುಕೊಂಡಿತು. ಆ ಸಮುದ್ರದಲ್ಲಿ ನಾಲ್ಕು ಅಡಿಯ ವ್ಯತ್ಯಾಸ ಲೆಕ್ಕಕ್ಕೆ ಬರಲಿಲ್ಲ.

ಸ್ಪರ್ಧೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅಲ್ಲಿ ಗಾತ್ರವನ್ನು ನಿಯಮವೇ ಗೊತ್ತುಮಾಡುತ್ತದೆ. ಗೋಲ್ಡನ್ ಗ್ಲೋಬ್ ಸ್ಪರ್ಧೆ 32ರಿಂದ 36 ಅಡಿಯ ಹಳೆಯ ವಿನ್ಯಾಸದ, ತಳದಿಂದ ನೀರಿಗಿಳಿದ ರೆಕ್ಕೆಯಂಥ ಭಾಗ ಉದ್ದವಾಗಿರುವ, ಅಂದರೆ ಉದ್ದ ಕೀಲ್‌ನ ದೋಣಿಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ಜಿಪಿಎಸ್ ನೋಡುವಂತಿಲ್ಲ, ಸೆಕ್ಸ್‌ಟೆಂಟ್ ಹಿಡಿದು ಸೂರ್ಯ ನಕ್ಷತ್ರಗಳಿಂದ ಸ್ಥಾನ ಕಂಡುಕೊಳ್ಳಬೇಕು. ಎಲ್ಲರ ದೋಣಿಗಳೂ ನಿಧಾನವಾದವೇ ಆದ್ದರಿಂದ ಗೆಲುವು ನಾವಿಕರ ವಿವೇಕಕ್ಕೆ ಸೇರುತ್ತದೆ. ನನಗೆ ಇದೇ ಹೆಚ್ಚು ನ್ಯಾಯವಾದ ಪಂದ್ಯವೆನಿಸುತ್ತದೆ.

ದೀರ್ಘ ಯಾನಕ್ಕಾದರೆ ಮಾತು ಬೇರೆ. ನೀರು, ಆಹಾರ, ಬಿಡಿಭಾಗಗಳ ಎರಡು ಟನ್ ಸಾಮಾನು ಹೇರಿದರೆ 7.6 ಟನ್ನಿನ ದೋಣಿ ಎದ್ದು ಕಾಣುವಷ್ಟು ತಗ್ಗಿ ಕುಳಿತು ಮಂದವಾಗುತ್ತದೆ. 23 ಟನ್ನಿನದಕ್ಕೆ ಆ ಭಾರ ಅಷ್ಟಾಗಿ ತಟ್ಟುವುದಿಲ್ಲ. ಹೀಗಾಗಿ ನಾಲ್ಕೈದು ಜನ ಕೂಡಿ ಸಾಗರ ದಾಟುವುದಾದರೆ ಮ್ಹಾದೇಯಿಯಂಥದ್ದನ್ನು ಹಿಂದುಮುಂದು ನೋಡದೆ ಆರಿಸುತ್ತೇನೆ. ಗಂಡ ಹೆಂಡತಿ ಇಬ್ಬರೇ ಗೋವೆಯಿಂದ ಕಾರವಾರ, ಮಂಗಳೂರು, ಕೊಚ್ಚಿಯವರೆಗೆ ಕರಾವಳಿಯನ್ನು ನೋಡುತ್ತ ಹೋಗುವುದಾದರೆ 36 ಅಡಿಗಿಂತ ದೊಡ್ಡದು ಬೇಡ. ಹಾಯಿಯ ಬಟ್ಟೆ, ಹಗ್ಗ, ಬಣ್ಣ, ನಿಲ್ಲಿಸುವ ಜಾಗದ ಬಾಡಿಗೆ ಎಲ್ಲವೂ ಉದ್ದದೊಂದಿಗೆ ಏರುತ್ತವೆ, ಮತ್ತು ತೇಲಲು ಐದೂವರೆ ಅಡಿ ಆಳದ ನೀರು ಸಾಕಾಗುವ ದೋಣಿಗೆ ನದಿಯ ಅಳಿವೆಗಳಲ್ಲಿ ತಂಗುವ ತಾಣಗಳೂ ಹೆಚ್ಚು ಸಿಗುತ್ತವೆ.