ರೈಲ್ವೆ ಗೇಟ್ ದಾಟೋ ತನಕ

2022ರ ಏಪ್ರಿಲ್ 3, ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಯುಗಾದಿ, ಅವತ್ತು ಹೊಸತೊಡಕು. ಬೆಂಗಳೂರಿನಲ್ಲಿ ನಮ್ಮ ಏರಿಯಾದ ಮಟನ್ ಅಂಗಡಿ ಮುಂದೆ ಕ್ಯೂನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಸ್ಟೀಲ್ ಡಬ್ಬ, ಇನ್ನೊಂದರಲ್ಲಿ ಮೊಬೈಲು. ಮೊಬೈಲಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುತ್ತಿದ್ದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್. ನಾನು ಎಂಎಸ್ ಓದಿದ ಡ್ಯೂಕ್ ಯೂನಿವರ್ಸಿಟಿ 77, ಪಕ್ಕದೂರಿನ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ 81. ಸೋತೆವು. 42 ವರ್ಷ ಡ್ಯೂಕ್ ಕೋಚ್ ಆಗಿದ್ದ ಮೈಕ್ ಶಶೆಫ್ಸ್ಕಿ ಅವರಿಗೆ ಅದು ಕೊನೆಯ ಪಂದ್ಯ ಬೇರೆ.

ಎರಡು ನಿಮಿಷ ಆಗಿರಲಿಲ್ಲ, ಫೋನ್ ಬಂತು. ಹಲೋ ಇಲ್ಲ, ಹಬ್ಬ ಹೇಗಾಯ್ತು ಅನ್ನೋದಿಲ್ಲ.

"ಬಾಯ್ ಮುಚ್ಕೊಂಡು ಬಸ್ ಹತ್ತು ಮಗಾ."

ಅಷ್ಟೇ. ಇಟ್ಟುಬಿಟ್ಟ. ನಾನು ಕ್ಯೂನಲ್ಲಿ ಒಬ್ಬನೇ ನಗುತ್ತಿದ್ದದ್ದನ್ನು ನೋಡಿ ಹಿಂದಿದ್ದ ಯಜಮಾನರು ಡಬ್ಬ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ಈ ಮಾತಿನ ಅರ್ಥ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ. ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ನೀವು ಕೇಳಿದಾಗ ನನಗೆ ಮೊದಲು ನೆನಪಾದದ್ದೂ ಅದೇ. ಲ್ಯಾಬು, ಇಂಟರ್ನಲ್ಸು, ಕ್ಯಾಂಟೀನಿನ ಪಪ್ಸು ಬಗ್ಗೆ ಬೇರೆಯವರು ಬರೆದೇ ಬರೀತಾರೆ. ನಾನು ಬಸ್ಸಿನ ವಿಷಯ ಬರೀತೀನಿ.

ಫೋನ್ ಮಾಡಿದವನು ತಿಪಟೂರಿನವನು. ನಾಲ್ಕು ವರ್ಷ ನಾವು ಅವನನ್ನು 'ತಿಪಟೂರು' ಅಂತಲೇ ಕರೆದೆವು. ಇಲ್ಲೂ ಹಾಗೇ ಇರಲಿ. ಅವನೂ ನಾನೂ ಕಾಲೇಜು ಟೀಮಿನಲ್ಲಿ ಇದ್ದೆವು ಅಂತ ಹೇಳಿಕೊಳ್ಳಬಹುದು, ಸುಳ್ಳೇನಲ್ಲ. ಆದರೆ ಆಡಿದ್ದು ಕಡಿಮೆ. ಬೆಂಚಿನ ಕೊನೆಯ ಎರಡು ಜಾಗ ನಮ್ಮ ಹೆಸರಿಗೆ ಬರೆದುಕೊಟ್ಟ ಹಾಗಿತ್ತು. ನೀರಿನ ಬಾಟಲಿ ಕೊಡುವುದು, ಟವೆಲ್ ಎಸೆಯುವುದು, ಗಂಟಲು ಹರಿಯುವ ಹಾಗೆ ಕೂಗುವುದು ನಮ್ಮ ಕೆಲಸ. ಕೂಗುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ ಅಂತ ಆಟದ ಮೇಷ್ಟ್ರು ಪಿಡಿ ಸರ್ ಕೂಡ ಒಪ್ಪಿದ್ದರು.

2007. ವಿಟಿಯು ಎಂಜಿನಿಯರಿಂಗ್ ಕಾಲೇಜುಗಳ ಝೋನಲ್ ಪಂದ್ಯ. ಪಕ್ಕದ ಜಿಲ್ಲೆಯ ಒಂದು ಕಾಲೇಜಿನ ಸಿಮೆಂಟ್ ಕೋರ್ಟು. ಸುತ್ತ ನಾಲ್ಕು ಕಡೆಯೂ ಅವರ ಹುಡುಗರು. ಗೆರೆ ಕಾಣದಷ್ಟು ಒಳಗೆ ಬಂದು ನಿಂತಿದ್ದರು. ನಮ್ಮವರು ಥ್ರೋ ಹಾಕಲು ಹೋದರೆ ಹಿಂದಿನಿಂದ ಬನಿಯನ್ ಜಗ್ಗುತ್ತಿದ್ದರು. ಕೊನೆಯ ನಿಮಿಷದಲ್ಲಿ ನಮ್ಮ ಕ್ಯಾಪ್ಟನ್‌ಗೆ ಎರಡು ಫ್ರೀ ಥ್ರೋ ಸಿಕ್ಕವು, ಯಾರೂ ಅಡ್ಡ ಬಾರದೆ ಎಸೆಯೋದು, ಒಂದಕ್ಕೊಂದು ಪಾಯಿಂಟ್. ಮೊದಲನೆಯದು ರಿಂಗಿಗೆ ಬಡಿದು ಆಚೆ ಹೋಯಿತು. ಎರಡನೆಯದು ಬೋರ್ಡಿಗೆ ತಗುಲಿ, ರಿಂಗ್ ಮೇಲೆ ಕುಣಿದು, ಒಳಗೆ ಬಿತ್ತು. 41-40.

ನಾನು ಬಾಯಿ ತೆರೆದೆ. ಕೂಗು ಹೊರಗೆ ಬರುವ ಮೊದಲೇ ಪಿಡಿ ಸರ್ ಕೈ ನನ್ನ ಭುಜದ ಮೇಲಿತ್ತು.

"ಲೋ, ಸುತ್ತ ನೋಡು. ಶೇಕ್ ಹ್ಯಾಂಡ್ ಕೊಟ್ಟು ಬಾಯ್ ಮುಚ್ಕೊಂಡು ಬಸ್ ಹತ್ತಿ. ರೈಲ್ವೆ ಗೇಟ್ ದಾಟೋ ತನಕ ಒಬ್ರೂ ಉಸಿರೆತ್ತಬಾರದು. ಗೆದ್ದಿದ್ದೀವಿ, ಸಾಕು. ಇನ್ನೊಬ್ರ ಮನೆ ಅಂಗಳದಲ್ಲಿ ಕುಣೀಬೇಡಿ."

ಹತ್ತಿದೆವು. ಕೂತೆವು. ಬಸ್ ಹೊರಟಿತು. ನಮ್ಮ ಗ್ರಹಚಾರಕ್ಕೆ ರೈಲ್ವೆ ಗೇಟ್ ಹಾಕಿತ್ತು.

ಹತ್ತು ನಿಮಿಷವೋ ಹದಿನೈದು ನಿಮಿಷವೋ. ನನ್ನ ಪಾಲಿಗೆ ಆ ಮ್ಯಾಚಿಗಿಂತ ಅದೇ ಉದ್ದ. ಬಸ್ಸಿನ ಎರಡೂ ಪಕ್ಕದಲ್ಲಿ ಬೈಕುಗಳು ಬಂದು ನಿಂತವು. ಅದರಲ್ಲಿ ಅರ್ಧ ಅದೇ ಕಾಲೇಜಿನ ಹುಡುಗರು. ಕಿಟಕಿಯಿಂದ ನಮ್ಮ ಮುಖ ನೋಡುತ್ತಿದ್ದರು. ನಾವು ಹದಿನಾಲ್ಕು ಜನ ಸಾವಿನ ಮನೆಗೆ ಹೊರಟವರ ಹಾಗೆ ಕೂತಿದ್ದೆವು. ತಿಪಟೂರು ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ. ಅವನ ಭುಜ ಅಲ್ಲಾಡುತ್ತಿತ್ತು. ಹೊರಗಿನಿಂದ ನೋಡಿದವರು ಪಾಪ, ಅಳ್ತಿದಾನೆ ಅಂದುಕೊಂಡಿರಬೇಕು. ಗೂಡ್ಸ್ ರೈಲು. ಒಂದೊಂದೇ ಬೋಗಿ. ನಾನು ನಲವತ್ತರವರೆಗೆ ಎಣಿಸಿ ಬಿಟ್ಟೆ. ಗೇಟ್ ಎತ್ತಿದರು, ಬಸ್ ಹಳಿ ದಾಟಿ ಕೆಳಗಿಳಿಯಿತು. ಪಿಡಿ ಸರ್ ಹಿಂದೆ ತಿರುಗಿ, "ಹೂಂ, ಈಗ" ಅಂದರು.

ಆಮೇಲಿನದನ್ನು ಬರೆಯುವುದಿಲ್ಲ. ಡ್ರೈವರ್ ಗಾಡಿ ಪಕ್ಕಕ್ಕೆ ಹಾಕಿ ಕೆಳಗಿಳಿದು ನಿಂತ, ಅಷ್ಟು ಸಾಕು. ಮುಂದಿನ ರೌಂಡಿನಲ್ಲೇ ಸೋತೆವು ಅನ್ನೋದು ಬೇರೆ ಮಾತು.

ಇನ್ನು ಅಮೆರಿಕದ ಕಥೆ. 2010ರಲ್ಲಿ ನಾನು ಡ್ಯೂಕ್ ಸೇರಿದೆ. ಡರಮ್ ಅನ್ನೋ ಊರು. ತಿಪಟೂರು ಮುಂದಿನ ವರ್ಷ ಚ್ಯಾಪೆಲ್ ಹಿಲ್‌ಗೆ, ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಗೆ ಬಂದ. ಮಧ್ಯೆ ಹದಿನಾರು ಕಿಲೋಮೀಟರು. ಹೆಚ್ಚುಕಡಿಮೆ ಮೈಸೂರಿಂದ ಶ್ರೀರಂಗಪಟ್ಟಣಕ್ಕೆ ಹೋದಷ್ಟು. ಎರಡೂ ಕ್ಯಾಂಪಸ್ಸಿನ ನಡುವೆ ಆಗ ರಾಬರ್ಟ್‌ಸನ್ ಬಸ್ ಅಂತ ಒಂದು ಪುಕ್ಕಟೆ ಬಸ್ ಓಡುತ್ತಿತ್ತು. ಶನಿವಾರ ಭಾನುವಾರ ಯಾರ ಮನೆಯಲ್ಲಿ ಸಾರು ಚೆನ್ನಾಗಿದೆಯೋ ಅಲ್ಲಿಗೆ ಇನ್ನೊಬ್ಬ. ಹೊರಗಿನವರಿಗೆ ಎರಡೂ ಊರು ಒಂದೇ ಅನಿಸಬೇಕು. ಆದರೆ ಬ್ಯಾಸ್ಕೆಟ್‌ಬಾಲ್ ವಿಷಯ ಬಂದರೆ ಒಬ್ಬರ ಮನೇಲಿ ಇನ್ನೊಬ್ಬರು ನೀರೂ ಕುಡಿಯುವುದಿಲ್ಲ. ಇಬ್ಬರದೂ ನೀಲಿ ಬಣ್ಣವೇ. ನಮ್ಮದು ಕಡು ನೀಲಿ, ಅವರದು ತಿಳಿ ನೀಲಿ. ತಪ್ಪಿ ಬೇರೆ ನೀಲಿ ಅಂಗಿ ಹಾಕಿಕೊಂಡು ಕ್ಲಾಸಿಗೆ ಹೋದರೆ ಪ್ರೊಫೆಸರೇ ಕೇಳುತ್ತಾರೆ.

ಡ್ಯೂಕಿನ ಹುಡುಗರ ಹುಚ್ಚು ಒಂದು ಕೈ ಜಾಸ್ತಿ. ನಮ್ಮ ಕ್ಯಾಮರನ್ ಸ್ಟೇಡಿಯಂ 1940ರದ್ದು. ಹಿಡಿಯೋದು 9,314 ಜನ. ಕ್ಯಾರೊಲಿನಾ ವಿರುದ್ಧದ ಪಂದ್ಯ ನೋಡಲು ಬಿಎಸ್ ಹುಡುಗರು ಚಳಿಯಲ್ಲಿ ವಾರಗಟ್ಟಲೆ ಟೆಂಟ್ ಹಾಕಿಕೊಂಡು ಮಲಗುತ್ತಾರೆ. ಆ ಟೆಂಟುಗಳ ಊರಿಗೆ ಕೋಚ್ ಹೆಸರಿಟ್ಟು ಶಶೆಫ್ಸ್ಕಿವಿಲ್ ಅನ್ನುತ್ತಾರೆ. ಬಾಯಿ ತಿರುಗದವರಿಗೆ ಕೆ-ವಿಲ್. ಎಂಎಸ್, ಪಿಎಚ್‌ಡಿಯವರಿಗೆ ಬೇರೆ ಪದ್ಧತಿ. ಸೆಪ್ಟೆಂಬರಿನಲ್ಲಿ ಒಂದು ವಾರಾಂತ್ಯ, ಸುಮಾರು 36 ಗಂಟೆ, ಪಾರ್ಕಿಂಗ್ ಜಾಗದಲ್ಲಿ ಬಿದ್ದಿರಬೇಕು. ಹಗಲು ರಾತ್ರಿ ಅನ್ನದೆ ಯಾವಾಗ ಬೇಕಾದರೂ ಸೈರನ್ ಊದುತ್ತಾರೆ. ಊದಿದ ತಕ್ಷಣ ಓಡಿಹೋಗಿ ಹಾಜರಿ ಹಾಕಿಸಬೇಕು. ತಪ್ಪಿದರೆ ಔಟ್. ನಾವು ಆರು ಜನ ಸೇರಿ ಮನೆ ಸಾಮಾನು ಸಾಗಿಸುವ ಲಾರಿ ಬಾಡಿಗೆಗೆ ತಂದು ಅದರೊಳಗೆ ಚಾಪೆ ಹಾಸಿ ಮಲಗಿದೆವು. ಇಷ್ಟೆಲ್ಲ ಮಾಡಿದ ಮೇಲೆ ಟಿಕೆಟ್ ಕೊಡುತ್ತಾರಾ? ಇಲ್ಲ, ಲಾಟರಿ ಎತ್ತುತ್ತಾರೆ. ನನಗೆ ಬರಲಿಲ್ಲ.

"ತಿರುಪತಿಲಾದ್ರೂ ಕ್ಯೂ ನಿಂತ್ರೆ ದರ್ಶನ ಗ್ಯಾರಂಟಿ ಕಣೋ" ಅಂತ ತಿಪಟೂರು ತಿಂಗಳುಗಟ್ಟಲೆ ಆಡಿಕೊಂಡ.

ಅದಕ್ಕೇ ನನಗೆ ಹೊರಗಿನ ಪಂದ್ಯಗಳೇ ಇಷ್ಟ. ಡ್ಯೂಕ್ ಬೇರೆ ಊರಿಗೆ ಹೋಗಿ ಆಡುವಾಗ ಲಾಟರಿ ಬಂದವನೂ ಒಂದೇ, ಬಾರದವನೂ ಒಂದೇ. ಎಲ್ಲರೂ ಟಿವಿ ಮುಂದೆ.

2012ರ ಫೆಬ್ರವರಿ 8, ಬುಧವಾರ, ರಾತ್ರಿ ಒಂಬತ್ತಕ್ಕೆ ಪಂದ್ಯ. ಚ್ಯಾಪೆಲ್ ಹಿಲ್‌ನಲ್ಲಿ, ಅವರ ಡೀನ್ ಸ್ಮಿತ್ ಸೆಂಟರಿನಲ್ಲಿ. 21,000ಕ್ಕೂ ಜಾಸ್ತಿ ಜನ ಕೂರುವ ಜಾಗ. ಅವರ ರ‍್ಯಾಂಕ್ ನಮಗಿಂತ ಮೇಲಿತ್ತು. ತಿಪಟೂರು ತಿಳಿ ನೀಲಿ ಸ್ವೆಟ್‌ಶರ್ಟ್ ಹಾಕಿಕೊಂಡು ಬೇಕಂತಲೇ ನಮ್ಮ ಮನೆಗೆ ಬಂದ. "ನಿಮ್ಮ ಮುಖ ನೋಡೋಕೆ ಬಂದೆ" ಅಂದ. ಮೊರಿಸ್‌ವಿಲ್‌ನ ಇಂಡಿಯನ್ ಅಂಗಡಿಯಿಂದ ತಂದ ಮಂಡಕ್ಕಿಗೆ ಈರುಳ್ಳಿ, ಖಾರದ ಪುಡಿ ಕಲಸಿ ಒಂದು ದೊಡ್ಡ ಪಾತ್ರೆಯಲ್ಲಿ ಮಧ್ಯೆ ಇಟ್ಟುಕೊಂಡಿದ್ದೆವು. ನಾವು ಐದು ಜನ, ಅವನೊಬ್ಬ.

ಇನ್ನು ಎರಡು ಚಿಲ್ಲರೆ ನಿಮಿಷ ಬಾಕಿ ಇದೆ ಅನ್ನುವಾಗ 82-72. ಹತ್ತು ಪಾಯಿಂಟ್ ಹಿಂದೆ. ನಮ್ಮಲ್ಲಿ ಒಬ್ಬ ಆಗಲೇ ತಟ್ಟೆ ತೊಳೆಯಲು ಎದ್ದ. ತಿಪಟೂರು ಮಾತ್ರ ರಾಜನ ಹಾಗೆ ಎದ್ದು, "ಪಾಪ, ನಿಮಗೆಲ್ಲ ಟೀ ಮಾಡ್ತೀನಿ ಇರಿ" ಅಂತ ಅಡುಗೆಮನೆಗೆ ಹೋಗಿ ಒಲೆ ಮೇಲೆ ಹಾಲಿಟ್ಟ.

ಅಲ್ಲಿಂದ ಶುರುವಾಯಿತು. ನಮ್ಮ ಥಾರ್ನ್‌ಟನ್ ದೂರದಿಂದ ಒಂದು ತ್ರೀ ಪಾಯಿಂಟರ್ ಹಾಕಿದ, ಮೂರು ಪಾಯಿಂಟ್. ಸೆತ್ ಕರಿ ಇನ್ನೊಂದು. ರಯಾನ್ ಕೆಲಿ ಎರಡು ಪಾಯಿಂಟ್. ಕ್ಯಾರೊಲಿನಾದ ಏಳಡಿ ಆಸಾಮಿ ಟೈಲರ್ ಝೆಲ್ಲರ್ ಎರಡು ಫ್ರೀ ಥ್ರೋನಲ್ಲಿ ಒಂದು ತಪ್ಪಿಸಿದ. ಆಮೇಲೆ ಕೆಲಿ ಎಸೆದ ಚೆಂಡು ರಿಂಗಿಗೆ ಹೋಗದೆ ಬಿತ್ತು. ಅದನ್ನು ಹಿಡಿಯಲು ಎಲ್ಲರಿಗಿಂತ ಮೇಲೆ ಹಾರಿದ ಝೆಲ್ಲರ್‌ನ ಕೈ ತಾಗಿ ಚೆಂಡು ನಾವು ಹಾಕಬೇಕಿದ್ದ ಬುಟ್ಟಿಯೊಳಗೇ ಬಿತ್ತು. ಅವನೇ ನಮಗೆ ಎರಡು ಪಾಯಿಂಟ್ ಕೊಟ್ಟ ಹಾಗಾಯಿತು. ಮತ್ತೆ ಅವನಿಗೇ ಎರಡು ಫ್ರೀ ಥ್ರೋ. ಮತ್ತೆ ಒಂದು ಹೋಯಿತು. ಆ ಝೋನಲ್ ಪಂದ್ಯದಲ್ಲಿ ನಮ್ಮ ಕ್ಯಾಪ್ಟನ್ ನಿಂತಿದ್ದ ಹಾಗೆಯೇ ಝೆಲ್ಲರ್ ನಿಂತಿದ್ದ. ಅವನ ಹಣೆಬರಹ ನಮ್ಮವನದಷ್ಟು ಗಟ್ಟಿ ಇರಲಿಲ್ಲ. ಆ ಸೀಸನ್ ಮುಗಿದಾಗ ನಾವಿಬ್ಬರೂ ಆಡುವ ಎಸಿಸಿ ಲೀಗಿನ ಶ್ರೇಷ್ಠ ಆಟಗಾರ ಆದವನೂ ಅವನೇ. ಆದರೆ ಈ ರಾತ್ರಿಯ ಮಾತು ಬಂದರೆ ಜನ ಹೇಳೋದು ಆ ಒಂದು ಕೈ ತಾಗಿದ್ದನ್ನೇ.

84-82, ಇನ್ನೂ ಅವರೇ ಮುಂದೆ. ಬಾಕಿ ಹದಿನಾಲ್ಕು ಸೆಕೆಂಡು. ಚೆಂಡು ಆಸ್ಟಿನ್ ರಿವರ್ಸ್ ಕೈಯಲ್ಲಿ. ಮೊದಲ ವರ್ಷದ ಹುಡುಗ. ಆಗ ಬಾಸ್ಟನ್ ಸೆಲ್ಟಿಕ್ಸ್ ತಂಡದ ಕೋಚ್ ಆಗಿದ್ದ ಡಾಕ್ ರಿವರ್ಸ್ ಅವರ ಮಗ. ಅಪ್ಪ ಅವತ್ತು ಅಲ್ಲೇ ಜನರ ಮಧ್ಯೆ ಕೂತಿದ್ದರು. ಹುಡುಗ ಚೆಂಡು ಪುಟಿಸುತ್ತಾ ಬಲಗಡೆ ನಿಂತ. ಎದುರಿಗೆ ಬಂದದ್ದು ಮತ್ತೆ ಝೆಲ್ಲರ್. ಒಳಗೆ ನುಗ್ಗುತ್ತಾನೆ ಅಂತ ಅವನು ಒಂದು ಹೆಜ್ಜೆ ಹಿಂದೆ ನಿಂತಿದ್ದ. ರಿವರ್ಸ್ ನುಗ್ಗಲಿಲ್ಲ. ತ್ರೀ ಪಾಯಿಂಟ್ ಗೆರೆಯ ಆಚೆ ನಿಂತಲ್ಲಿಂದಲೇ ಎತ್ತಿದ. ಬಝರ್ ಹೊಡೆದಾಗ ಚೆಂಡು ಗಾಳಿಯಲ್ಲಿತ್ತು.

85-84.

ಟಿವಿಯಲ್ಲಿ ನನಗೆ ಮೊದಲು ಕೇಳಿದ್ದು ಸದ್ದಲ್ಲ, ಸದ್ದು ನಿಂತದ್ದು. ಅಷ್ಟು ಸಾವಿರ ಜನ ಒಟ್ಟಿಗೆ ಸುಮ್ಮನಾದರೆ ಹೇಗಿರುತ್ತೆ ಅಂತ ಅವತ್ತು ಗೊತ್ತಾಯಿತು. ಆ ನಿಶ್ಶಬ್ದದ ಮಧ್ಯೆ ಹತ್ತು ಹದಿನೈದು ಕಡು ನೀಲಿ ಅಂಗಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು.

ನಮ್ಮ ಮನೆಯಲ್ಲಿ ಮಾತ್ರ ಮಂಡಕ್ಕಿ ಪಾತ್ರೆ ಮಗುಚಿ ಬಿತ್ತು. ಒಬ್ಬ ಸೋಫಾ ಮೇಲೆ, ಇನ್ನೊಬ್ಬ ಅವನ ಮೇಲೆ. ಹಾಲು ಉಕ್ಕಿ ಒಲೆ ಮೇಲೆ ಸುರಿದು, ಸೀದು, ಹೊಗೆಯೆದ್ದು, ಸ್ಮೋಕ್ ಅಲಾರಂ ಕೂಗತೊಡಗಿತು. ಯಾರಿಗೂ ಅದರ ಪರಿವೆ ಇಲ್ಲ. ನಾನು ಕೂಗಿ ಕೂಗಿ ಸುಸ್ತಾಗಿ ತಿರುಗಿ ನೋಡಿದರೆ, ತಿಪಟೂರು ಕುರ್ಚಿ ಮೇಲೆ ಹತ್ತಿ ನಿಂತು ಅಲಾರಮ್ಮಿನ ಕೆಳಗೆ ಟವೆಲ್ ಬೀಸುತ್ತಿದ್ದ. ಮುಖದಲ್ಲಿ ಏನೂ ಇಲ್ಲ. ಸುಮ್ನೆ ಬೀಸುತ್ತಿದ್ದ. ಕಾಲೇಜಿನಲ್ಲೂ ಟವೆಲ್ ಅವನ ಕೈಯಲ್ಲೇ ಇರುತ್ತಿತ್ತಲ್ವಾ.

ಕ್ಯಾರೊಲಿನಾವನ್ನು ಸೋಲಿಸಿದರೆ ಡ್ಯೂಕ್ ಹುಡುಗರು ಹಾಸ್ಟೆಲ್ ಮುಂದಿನ ಮರದ ಬೆಂಚುಗಳನ್ನು ಎಳೆದು ತಂದು ಬೆಂಕಿ ಹಚ್ಚುವ ಪದ್ಧತಿ ಇದೆ. ನಾಲ್ಕು ವರ್ಷ ಬೆಂಚು ಕಾದವನಿಗೆ ಅದನ್ನು ನೋಡುವ ಆಸೆ ಎಷ್ಟಿರಬೇಡ! ನನ್ನ ಜೊತೆಯವರು ಕಾರ್ ಕೀ ಹುಡುಕತೊಡಗಿದರು. ಅಷ್ಟರಲ್ಲಿ ತಿಪಟೂರು ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಕೊನೆಯ ಬಸ್ ಹೋಗಿಯಾಗಿತ್ತು. ಬೆಳಿಗ್ಗೆ ಎಂಟಕ್ಕೆ ಅವನಿಗೆ ಕ್ಲಾಸು.

"ಬಿಡ್ತೀನಿ ಬಾ" ಅಂದೆ.

15-501 ಹೈವೇ ಮೇಲೆ ಇಬ್ಬರೂ ಮಾತಾಡಲಿಲ್ಲ. ನನ್ನ ಹಳೇ ಕೊರೊಲಾದ ಹಿಂದೆ ಡ್ಯೂಕಿನ ಕಡು ನೀಲಿ ಸ್ಟಿಕರ್ ಇತ್ತು. ಚ್ಯಾಪೆಲ್ ಹಿಲ್ ಬಂದಾಗ ಅವನು ಮೊದಲ ಸಲ ಬಾಯಿ ಬಿಟ್ಟ. "ಸ್ಟಿಕರ್ ಇದೆ. ಮೆಲ್ಲಗೆ ಓಡ್ಸು, ಹಾರ್ನ್ ಮಾಡ್ಬೇಡ."

ಡ್ಯೂಕನ್ನು ಸೋಲಿಸಿದ ರಾತ್ರಿ ಆ ಊರಿನ ಫ್ರಾಂಕ್ಲಿನ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಾವಿರಾರು ಜನ ರಸ್ತೆಗೆ ನುಗ್ಗುತ್ತಾರೆ. ಅವತ್ತು ಜನರನ್ನು ತಡೆಯಲು ಪೊಲೀಸರು ಬಂದು ನಿಂತಿದ್ದರು, ಜನ ಬಂದಿರಲಿಲ್ಲ. ಒಬ್ಬ ಪೊಲೀಸ್ ಕಾರಿಗೆ ಒರಗಿ ಕಾಫಿ ಕುಡಿಯುತ್ತಿದ್ದ. ಫುಟ್‌ಪಾತಿನ ಅಂಚಿನಲ್ಲಿ ಕೂತ ಒಬ್ಬ ಹುಡುಗಿ ಮುಖಕ್ಕೆ ಬಳಿದಿದ್ದ ತಿಳಿ ನೀಲಿ ಬಣ್ಣವನ್ನು ಟಿಶ್ಯೂನಲ್ಲಿ ಉಜ್ಜುತ್ತಿದ್ದಳು. ಬಣ್ಣ ಹೋಗುತ್ತಿರಲಿಲ್ಲ, ಕೆನ್ನೆ ತುಂಬ ಹರಡುತ್ತಿತ್ತು. ಸಿಗ್ನಲ್ ಕೆಂಪಾಗಿತ್ತು. ನಾನು ಸ್ಟಿಯರಿಂಗ್ ಹಿಡಿದು ಎದುರಿಗೇ ನೋಡುತ್ತಾ ಕೂತೆ. ಒಳಗೆ ಮಾತ್ರ ಗೂಡ್ಸ್ ರೈಲು ಹೋಗುತ್ತಿತ್ತು.

ಹಾಗಂತ ನಮ್ಮ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಮಾರ್ಚ್ 3ರಂದು ಅವರು ನಮ್ಮ ಕ್ಯಾಮರನ್‌ಗೇ ಬಂದು 88-70 ಅಂತ ಬಾರಿಸಿ ಹೋದರು. ಇನ್ನೆರಡು ವಾರಕ್ಕೆ ನ್ಯಾಷನಲ್ ಟೂರ್ನಮೆಂಟಿನಲ್ಲಿ ಲೀಹೈ ಅನ್ನೋ ಸಣ್ಣ ಕಾಲೇಜಿಗೆ 75-70ರಲ್ಲಿ ಸೋತು ಮನೆಗೆ ಬಂದೆವು. ರಿವರ್ಸ್ ಒಂದೇ ವರ್ಷ ಓದಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಹೋದ. ಬೆಂಚು ಸುಡುವುದನ್ನು ನಾನು ಕೊನೆಗೂ ನೋಡಲೇ ಇಲ್ಲ.

ಅವತ್ತು ಅವನನ್ನು ಮನೆ ಮುಂದೆ ಇಳಿಸಿದೆ. "ಬರ್ತೀನಿ" ಅಂದೆ. "ಹೂಂ" ಅಂದ. ಬಾಗಿಲು ಹಾಕುವಾಗ ಕೂಡ ಸದ್ದಾಗದ ಹಾಗೆ ಹಾಕಿದ. ಗಂಟೆ ಹನ್ನೆರಡು ದಾಟಿತ್ತು. ಬಂದ ದಾರಿಯಲ್ಲೇ ವಾಪಸ್ ಹೊರಟೆ. ಊರು ಮುಗಿಯುವ ಕಡೆ 15-501ಕ್ಕೆ ಐ-40 ಹೆದ್ದಾರಿ ಅಡ್ಡ ಬರುತ್ತೆ. ಅದು ದಾಟಿದರೆ ಡರಮ್. ದಾಟಿ ಅರ್ಧ ನಿಮಿಷ ಆಗಿರಬಹುದು, ಫೋನ್ ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದೆ.

"ಎಲ್ಲಿದೀಯ?"

"ಐ-40 ಹತ್ರ."

"ಗೇಟ್ ದಾಟಿದ್ಯಾ?"

ನನಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು.

"ದಾಟ್ದೆ."

"ಹೂಂ, ಈಗ" ಅಂದ.

ನಾನು ಕಾರಿನ ಗಾಜು ಇಳಿಸಿದೆ.